ಜೇವರ್ಗಿಯಲ್ಲಿ ಒದ್ದ ಪಟಗಾ

೧೯೮೪ರ ಫೆಬ್ರುವರಿ ೧೮, ಶನಿವಾರ. ಬೆಳಗಿನ ಆರೂವರೆಗೆ ಆಳಂದ ಠಾಣೆಯ ಮೆಟ್ಟಿಲು ಹತ್ತಿದ ದೌಲತರಾಯನ ಬಿಳಿ ಧೋತರದ ಅಂಚಿಗೆ ಮಸಿ ಹತ್ತಿತ್ತು. ಊರೂರು ತಿರುಗಿ ಟಿಕೆಟ್ಟಿನ ಕುಸ್ತಿ ಆಡಿಸುವ ಕಂಪನಿಯ ಮಾಲೀಕ ಅವನು. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿದ್ದ ಅವನ ಡೇರೆಗೆ ಯಾರೋ ನಸುಕಿನಲ್ಲಿ ಬೆಂಕಿ ಹಚ್ಚಿದ್ದರು.

ಪಿ.ಎಸ್.ಐ. ಶಾಂತಲಿಂಗಪ್ಪನಿಗೆ ಶಾಂತಿಯೇನಿದ್ದರೂ ಹೆಸರಿನಲ್ಲಿ. ಕುರ್ಚಿಯಲ್ಲಿ ಐದು ನಿಮಿಷ ಕೂತರೆ ಮೈಗೆ ಇರುವೆ ಹತ್ತಿದವರಂತೆ ಎದ್ದು ಓಡಾಡುವ ಮನುಷ್ಯ. ಓಡಾಡುತ್ತಲೇ ಕೇಳಿದ.

"ಯಾರ ಮ್ಯಾಲರ ಸಂಶಯ ಅದ ಏನ್ರಿ?"

"ಯಾರ ಹೆಸರಂತ ಹೇಳ್ಲಿ ಸಾಹೇಬ್ರ? ಭೀಮಶಾನ ಮ್ಯಾಲ ಊರಿಗೂರೇ ಹಲ್ಲ ಕಡೀಲಾಕತ್ತದ."

ಅದು ಸುಳ್ಳಲ್ಲ. ಭೀಮಶಾ ಆಳಂದದವನೇ. ಎರಡು ವರ್ಷ ಅವನು ಕಂಪನಿಯ ಧೀರ ಪೈಲವಾನ. ಕಣ್ಣಿಗೆ ಮಣ್ಣೆರಚುವವರನ್ನೂ ಕೈ ಕಚ್ಚುವವರನ್ನೂ ನ್ಯಾಯದ ಪಟ್ಟಿನಲ್ಲೇ ಚಿತ್ ಮಾಡುವವನು. ಆದರೆ ಗೆಲ್ಲುವವನೇ ಗೆಲ್ಲುತ್ತ ಹೋದರೆ ದುಡ್ಡು ಕೊಟ್ಟು ಯಾರು ನೋಡುತ್ತಾರೆ? ಡೇರೆ ಅರ್ಧ ಖಾಲಿ ಹೊಡೆಯತೊಡಗಿತು. ಹೋದ ಡಿಸೆಂಬರಿನಲ್ಲಿ ಜೇವರ್ಗಿಯಲ್ಲಿ, ಹಾರ ಹಾಕಲು ಅಖಾಡಕ್ಕೆ ಬಂದ ತನ್ನ ಗುರು ಸೈದಪ್ಪ ಉಸ್ತಾದರ ತಲೆಯ ಪಟಗಾ ಕಿತ್ತೆಸೆದು ಭೀಮಶಾ ಕಾಲಲ್ಲಿ ಒದ್ದುಬಿಟ್ಟ. ಹಿರಿಯರ ತಲೆಯ ರುಮಾಲು ನೆಲಕ್ಕೆ ಬಿದ್ದರೆ ಮಾನವೇ ಬಿದ್ದಿತೆನ್ನುವ ಸೀಮೆ ಇದು. ಕುರ್ಚಿಗಳು ಹಾರಾಡಿದವು. ಬಂದೋಬಸ್ತಿಗೆ ಹೋಗಿದ್ದ ಶಾಂತಲಿಂಗಪ್ಪನ ಬಾಯಿಂದಲೂ "ಥೂ, ಹರಾಮಖೋರ" ಎಂದು ಹೊರಟಿತ್ತು.

ಮರುದಿನದಿಂದ ಡೇರೆ ತುಂಬಿತು. ಅಫಜಲಪುರದಲ್ಲಂತೂ ಹವಳಗಾ ಕಡೆಯಿಂದ ಜನ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು, ಭೀಮಶಾ ಸೋಲುವುದನ್ನು ನೋಡಲು. ದೌಲತರಾಯ ಅವನನ್ನು ಸೋಲಿಸಲಿಲ್ಲ. ಕಂಪನಿಯಲ್ಲೇ ಉಳಿದ ಆ ಪಟಗಾವನ್ನು ದಿನಾ ಒದೆಸಿದ, ಸೋಲು ಮುಂದಿನ ಊರಲ್ಲಿ ಎಂದು ಗೋಡೆಗಳಿಗೆ ಜಾಹೀರಾತು ಅಂಟಿಸಿದ. ಆ ಸೋಲು ಕಡೆಗೂ ಆಳಂದದಲ್ಲಿ, ನಾಳೆ ಭಾನುವಾರಕ್ಕೆ ನಿಗದಿಯಾಗಿತ್ತು.

ಅಪರಿಚಿತರ ಮೇಲೆ ಕಲಂ ೪೩೫ರಡಿ ಎಫ್.ಐ.ಆರ್. ದಾಖಲಾಯಿತು. ಎಂಟು ಗಂಟೆಗೆ ಹೆಡ್ ಕಾನ್‌ಸ್ಟೇಬಲ್ ಮಹಮ್ಮದ ಇಬ್ಬರು ಪಂಚರನ್ನು ಕರೆತಂದ. ಬಯಲಿನ ಸುತ್ತ ಆಗಲೇ ಜನ ಜಮಾಯಿಸಿ, ನಾಳಿನ ಟಿಕೆಟ್ಟು ಕೈಯಲ್ಲಿ ಹಿಡಿದು ಕುಸ್ತಿ ಆಗುತ್ತದೋ ಇಲ್ಲವೋ ಎಂದು ಪೊಲೀಸರನ್ನೇ ಪೀಡಿಸತೊಡಗಿದ್ದರು.

ಪಂಚನಾಮೆಯಲ್ಲಿ ಎರಡು ಸಂಗತಿಗಳು ಬಂದವು. ಡೇರೆಯ ಹಿಂಬದಿಗೆ, ಮೂಡಣ ಅಂಚಿನಲ್ಲಿ ದನಕ್ಕೆ ಹಾಕುವ ಜೋಳದ ಕಣಿಕೆಯ ಬೂದಿ, ಅದರ ಬುಡದಲ್ಲಿ ಅರ್ಧ ಸುಟ್ಟ ಸಗಣಿ ಕುಳ್ಳು. ಸೀಮೆಎಣ್ಣೆಯ ವಾಸನೆ ಎಲ್ಲೂ ಇಲ್ಲ. ಇನ್ನೊಂದು, ಉಸ್ತಾದರ ಪಟಗಾ ಇಡುತ್ತಿದ್ದ ತಗಡಿನ ಟ್ರಂಕು ಬಾಯಿ ತೆರೆದುಕೊಂಡು ಖಾಲಿ ಬಿದ್ದಿತ್ತು. ಬೆಂಕಿಗೆ ಮುಂಚೆ ಪಟಗಾವನ್ನು ಯಾರೋ ತೆಗೆದುಕೊಂಡು ಹೋಗಿದ್ದರು.

ಕಾವಲಿನ ಮುದುಕ ಕೈಮುಗಿದು ನಿಂತಿದ್ದ.

"ಒಳಗ ಮಲಗಿದ್ದೆರಿ. 'ಬಾಬಾ, ಎಮ್ಮಿ ಬಿಟಗೊಂಡದ, ಜರಾ ಹಿಡಿ ಬಾ' ಅಂತ ಯಾರೋ ಕೂಗಿದ್ರು. ರಸ್ತಾದ ತನಕ ಹೋದೆ, ಎಮ್ಮಿ ಇಲ್ಲ ಏನಿಲ್ಲ. ಹೊಳ್ಳಿ ನೋಡ್ತೇನಿ, ಉರೀಲಾಕತ್ತದ."

"ಕೂಗಿದವರು ಗಂಡಸೋ, ಹೆಣಮಗಳೋ?"

"ಕಿವಿ ಮಂದ ಅವರಿ."

"ಎಮ್ಮಿ ಸುದ್ದಿ ಚಲೋ ಕೇಳ್ಯಾದಲ್ಲೋ!" ಎಂದು ಮಹಮ್ಮದ ಗದರಿದ. ಮುದುಕ ಕೇಳಿಸದವನಂತೆ ಕಿವಿಗೆ ಕೈ ಹಚ್ಚಿದ. ಜೀವ ಉಳಿಸಿದವರನ್ನು ಹಿಡಿದುಕೊಡಲು ಅವನಿಗೆ ಮನಸ್ಸಿಲ್ಲವೆಂದು ಶಾಂತಲಿಂಗಪ್ಪನಿಗೆ ಅನಿಸಿತು.

ಹನ್ನೊಂದಕ್ಕೆ ಅವರು ಸೈದಪ್ಪ ಉಸ್ತಾದರ ತಾಲೀಮಿನ ಗರಡಿಗೆ ಹೋದರು. ಕೆಮ್ಮಣ್ಣಿನ ಕಣ ಒಣಗಿ ಬಿರುಕು ಬಿಟ್ಟಿತ್ತು, ಸಾಮು ಮಾಡುವ ಒಬ್ಬ ಹುಡುಗನೂ ಇರಲಿಲ್ಲ. ಕಟ್ಟೆಯ ಮೇಲೆ ಕೂತ ಉಸ್ತಾದರ ತಲೆಯ ಮೇಲೆ ಗುಲಾಬಿ ಬಣ್ಣದ ಅದೇ ಪಟಗಾ.

"ಇದು ಎಲ್ಲಿಂದ ಬಂತ್ರಿ?"

"ಮುಂಜಾನೆ ಹೊಸ್ತಿಲ ಮ್ಯಾಲಿತ್ತು. ಧೂಳ ಝಾಡಿಸಿ, ಮಡಚಿ ಇಟ್ಟಿದ್ರು."

"ಒದ್ದವನೇ ತಂದಿಟ್ಟನೇನು?"

ಉಸ್ತಾದರು ಒಣಗಿದ ಕಣವನ್ನೇ ನೋಡಿದರು. "ನಾ ಏನೂ ಹೇಳಂಗಿಲ್ರಿ."

ಭೀಮಶಾನ ಮನೆಯ ಮುಂದೆ ಐದು ಗೂಟಗಳಿದ್ದವು, ಎಮ್ಮೆ ಮೂರೇ. ಪೈಲವಾನರ ಮನೆಯ ಹಾಲು ಕುಡಿದ ಕೂಸು ಗಟ್ಟಿಯಾಗುತ್ತದೆಂದು ಊರ ತಾಯಂದಿರು ಇಲ್ಲಿ ಸಾಲು ನಿಲ್ಲುತ್ತಿದ್ದ ಕಾಲವೊಂದಿತ್ತು. ಈಗ ಕೊಡಗಳಲ್ಲಿ ಹಾಲು ಒಡೆದು ಹುಳಿವಾಸನೆ ಎದ್ದಿತ್ತು. ಭೀಮಶಾನ ಹೆಂಡತಿ ಗೌರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ನಿಮ್ಮ ಮನಿ ಅಕ್ಕಾರು ನಮ್ಮ ಹಾಲ ಯಾಕ ಬ್ಯಾಡಂದ್ರು ಸಾಹೇಬ್ರ?"

ಶಾಂತಲಿಂಗಪ್ಪ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಗುರುವಿಗೆ ಅವಮಾನ ಮಾಡಿದವನ ಮನೆಯ ಹಾಲು ಮಕ್ಕಳಿಗೆ ಬೇಡವೆಂದು ತನ್ನ ಹೆಂಡತಿ ಶಿವಕಾಂತಾ ತಿಂಗಳ ಹಿಂದೆ ಹೇಳಿದಾಗ, ಬೇರೆ ಕಡೆ ಕೊಳ್ಳು ಎಂದವನು ಅವನೇ. ನಾಚಿಕೆಯಾಯಿತು.

ಅಷ್ಟರಲ್ಲಿ ಒಳಗಿನಿಂದ ಭೀಮಶಾ ಬಂದ. ಬಾಗಿಲಿಗೆ ಬಗ್ಗಿ ಬರಬೇಕಾದಂಥ ಆಳು. ಪೊಲೀಸರನ್ನು ನೋಡಿದ, ಹೆಂಡತಿಯನ್ನು ನೋಡಿದ. ಯಾರೂ ಕೇಳುವ ಮೊದಲೇ ಅಂದ.

"ನಾನೇ ಹಚ್ಚೀನ್ರಿ. ನಡೀರಿ."

ಠಾಣೆಯಲ್ಲಿ ವಿಚಾರಣೆ ಆರಂಭವಾದಾಗ ಎರಡೂವರೆ.

"ಹೆಂಗ ಹಚ್ಚಿದಿ?"

"ಸೀಮೆಎಣ್ಣಿ ಸುರುವಿ ಕಡ್ಡಿ ಗೀರಿದೆ."

"ಯಾವ ಕಡಿ?"

"ಬಾಗಲ ಕಡಿ."

"ಕಾವಲಿನವ ಎಲ್ಲಿದ್ದ?"

ಭೀಮಶಾ ತಡವರಿಸಿದ. "ಮಲಗಿದ್ದ."

ಮೂರಕ್ಕೆ ಮೂರೂ ತಪ್ಪು. ಶಾಂತಲಿಂಗಪ್ಪ ಮತ್ತೆ ಓಡಾಡತೊಡಗಿದ. ಈ ಮನುಷ್ಯ ಯಾರನ್ನೋ ಮರೆಮಾಡುತ್ತಿದ್ದಾನೆ. ಕುಳ್ಳು, ಕಣಿಕೆ, ಎಮ್ಮೆ ಬಿಟ್ಟುಕೊಂಡಿದೆಯೆಂಬ ಕೂಗು ಎಲ್ಲವೂ ಒಂದೇ ಅಂಗಳಕ್ಕೆ ಹೋಗುತ್ತವೆ. ಅಲ್ಲಿಗೆ ಹೋಗಲು ಅವನಿಗೂ ಕಾಲೇಳುತ್ತಿರಲಿಲ್ಲ.

ಆಗ ದೌಲತರಾಯ ಫೋಟೋದವನನ್ನು ಕರೆದುಕೊಂಡು ನುಗ್ಗಿದ. ಬೆಳಗಿನ ಅಳುಮೋರೆ ಮಾಯವಾಗಿತ್ತು.

"ಒಪ್ಪಿಕೊಂಡಾನಂತ್ರಿ! ಬೇಡಿ ಹಾಕಿ ಬಜಾರದಾಗಿಂದ ನಡಸಕೊಂಡು ಒಯ್ರಿ ಸಾಹೇಬ್ರ, ಒಂದು ಫೋಟೋ ಹೊಡಕೊಳ್ತೇವಿ. ಜಾಮೀನು ನಾನೇ ಕೊಡ್ತೇನಿ. ಬುಧವಾರ ಸೊಲ್ಲಾಪುರದಿಂದ ಹೊಸ ಡೇರೆ ಬರ್ತದ. ಡೇರೆ ಸುಟ್ಟ ಪೈಲವಾನ ಅಂದ್ರ ಯಡ್ರಾಮಿ ಮಂದಿ ಬಿದ್ದು ಬರ್ತಾರ."

"ನಿಮ್ಮ ನುಕಸಾನ?"

"ಒಂದ ವಾರದಾಗ ಎದ್ದು ಬರ್ತದ ಬಿಡ್ರಿ."

ಶಾಂತಲಿಂಗಪ್ಪನ ಮೈ ಉರಿಯಿತು. ಕಿಟಕಿಯಾಚೆ ಜನ "ಹೊರಗ ತರ್ರಿ ಆ ಭಾಡ್ಯಾನ" ಎಂದು ಕೂಗುತ್ತಿದ್ದರು. ಆ ಗದ್ದಲವನ್ನು ಸೀಳಿಕೊಂಡು ಗೌರಾಬಾಯಿ ಬಂದಳು, ಬರಿಗಾಲಲ್ಲಿ, ಕೈಯಲ್ಲಿ ಸಗಣಿ ಹಾಗೇ ಇತ್ತು.

"ಅವರನ್ನ ಬಿಡ್ರಿ. ಹಚ್ಚಿದಾಕಿ ನಾನು."

"ಸುಮ್ಕಿರ ಬೇ!" ಭೀಮಶಾ ಎದ್ದ.

"ಕೂಡು," ಎಂದ ಶಾಂತಲಿಂಗಪ್ಪ. ಅವಳ ಕಡೆ ತಿರುಗಿದ. "ಹೆಂಗ ಹಚ್ಚಿದಿ ತಂಗಿ?"

"ಒಲಿಯಾಗಿನ ಕೆಂಡದ ಕುಳ್ಳು ಒಯ್ದಿದ್ದೆ. ಮುದುಕನ ಹೊರಗ ಕರದೆ. ಪಟಗಾ ತಗೊಂಡೆ. ಕಣಿಕಿ ಒಟ್ಟಿ, ಬುಡಕ ಕುಳ್ಳಿಟ್ಟು ಊದಿದೆ."

"ಯಾವ ಕಡಿ?"

"ಹೊತ್ತು ಹುಟ್ಟೋ ಕಡಿ."

ಮಹಮ್ಮದ ಬರೆಯುತ್ತಿದ್ದ ಕೈ ನಿಲ್ಲಿಸಿ ಸಾಹೇಬರ ಮುಖ ನೋಡಿದ.

"ಯಾಕ ಹಚ್ಚಿದಿ?"

"ಭಾನುವಾರ ಸೋಲ್ತಾರ, ಉಸ್ತಾದರ ಕಾಲ ಬೀಳ್ತಾರ, ಹಳೇ ಹೆಸರು ಹೊಳ್ಳಿ ಬರ್ತದ ಅಂತ ಹಲ್ಲ ಕಚ್ಚಿ ತಡಕೊಂಡಿದ್ದೆ. ನಿನ್ನಿ ಸಂಜಿ ಈ ಧಣಿ ಮನಿಗಿ ಬಂದ. ಇಲ್ಲಿ ಸೋಲಾದಿಲ್ಲ, ಇನ್ನೊಂದು ವರ್ಷ ಹಿಂಗೇ ನಡೀಲಿ ಅಂದ. ಇನ್ನೊಂದು ವರ್ಷಕ್ಕ ನನ್ನ ಗೂಟದಾಗ ಎಮ್ಮಿ ಉಳೀತಾವೇನ್ರಿ? ನನ್ನ ಹಾಲಿಗಿ ಇಷ ಅಂತಾರ." ಅವಳು ಮೇಜಿನ ಹತ್ತಿರ ಬಂದಳು. "ಇದನ್ನ ಬರಕೊಳ್ರಿ. ಪಟಗಾ ಒದ್ದಿದ್ದು ಆಟ. ಉಸ್ತಾದರು ಒಪ್ಪೇ ಒದಿಸ್ಕೊಂಡಾರ. ತಾಲೀಮಿನ ಮಣ್ಣ ಮುಟ್ಟಿಸಿ ಇಬ್ಬರ ಕಡಿಂದನೂ ಆಣಿ ಮಾಡಿಸ್ಯಾನ ಈ ಧಣಿ, ಬಾಯಿ ಬಿಡಬಾರದಂತ. ನಾ ಆಣಿ ಮಾಡಿಲ್ಲ. ಮನಿ ಮನಿಗಿ ಹೋಗಿ ಹೇಳ್ದೆ, ಗಂಡನ ಪರ ಮಾತಾಡ್ತಾಳ ಅಂದ್ರು. ನೀವು ಬರದ್ರ ನಂಬ್ತಾರ."

ದೌಲತರಾಯನ ಮುಖ ಬಿಳಿಚಿತು. "ಸಾಹೇಬ್ರ, ನಾ ಫಿರ್ಯಾದಿ ವಾಪಸ ತಗೋತೇನಿ. ಇದು ಹೊರಗ ಬಿದ್ರ ನನ್ನ ಧಂದಾ ಮುಳಗ್ತದ."

"ಎಫ್.ಐ.ಆರ್. ಆಗ್ಯಾದ್ರಿ. ವಾಪಸಿಲ್ಲ."

ಅವಳ ಮಾತಿಗೆ ಸಾಕ್ಷಿ ಬೇಕಿತ್ತು. ಮಹಮ್ಮದ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಉಸ್ತಾದರನ್ನು ಕರೆತಂದ. ಮುದುಕರು ಗೌರಾಬಾಯಿಯನ್ನು ನೋಡಿದರು, ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಸೊಸಿಯಂಥಾಕಿ ಜೇಲಿಗಿ ಹೊಂಟ ಮ್ಯಾಲ ಯಾವ ಆಣಿರಿ? ಬರೀರಿ. ನಾನೇ ಒದಿ ಅಂದಿದ್ದೆ. ಅವ ಒದೆಯೋ ಮೊದಲ ದಿನ ಕಣ್ಣೀರ ಹಾಕಿದ್ದ."

ಬಾಗಿಲಲ್ಲಿ, ಕಿಟಕಿಯಲ್ಲಿ ಕಿವಿ ಕೊಟ್ಟವರ ಗದ್ದಲ ನಿಧಾನಕ್ಕೆ ಅಡಗಿತು. ಹಿಂದಿದ್ದವರಿಗೆ ಮುಂದಿದ್ದವರು ಹೇಳಿದರು. ಕೆಲವರು ಟಿಕೆಟ್ಟಿನ ದುಡ್ಡು ಕೇಳಲು ದೌಲತರಾಯನ ಸುತ್ತ ಮುತ್ತಿಕೊಂಡರು, ಉಳಿದವರು ತಲೆ ತಗ್ಗಿಸಿ ಕರಗಿದರು.

ಸಂಜೆ ಐದಕ್ಕೆ ಗುಲಬರ್ಗಾದಿಂದ ಮಹಿಳಾ ಪೇದೆ ಬಂದಿಳಿದಳು. ಭೀಮಶಾನ ಹೇಳಿಕೆ ಸುಳ್ಳೆಂದು ಬರೆದು ಅವನನ್ನು ಬಿಟ್ಟುಕಳಿಸಲಾಯಿತು. ಆರೋಪಿ ಗೌರಾಬಾಯಿ, ಭೀಮಶಾನ ಹೆಂಡತಿ, ಕಸುಬು ಹೈನು, ದಸ್ತಗಿರಿ. ಕಾರಣದ ಜಾಗದಲ್ಲಿ ಶಾಂತಲಿಂಗಪ್ಪ ಹಾಲಿನ ವ್ಯಾಪಾರದಲ್ಲಿ ನಷ್ಟ ಎಂದು ಬರೆಸಿದ. ಅಷ್ಟೇ ಅಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಕಳೆದುಕೊಂಡಿದ್ದು ಊರಿನ ಕೂಸುಗಳ ಬಾಯಿಗೆ ತನ್ನ ಹಾಲು ಹೋಗುತ್ತಿದೆ ಎಂಬ ಹೆಮ್ಮೆ. ಅದಕ್ಕೆ ಕಲಂ ಇರಲಿಲ್ಲ.

ಗೌರಾಬಾಯಿಯನ್ನು ಗುಲಬರ್ಗಾಕ್ಕೆ ಒಯ್ಯುವ ಜೀಪು ಅವಳ ಓಣಿಯ ಮುಂದೆಯೇ ಹೋಗಬೇಕಿತ್ತು. ಅಂಗಳದಲ್ಲಿ ಭೀಮಶಾ ಎಮ್ಮೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದ. ಈ ಮನೆಯ ಹಾಲು ಕೊಳ್ಳುವುದನ್ನು ಎಲ್ಲರಿಗಿಂತ ಮೊದಲು ಬಿಟ್ಟಿದ್ದ ಓಣಿಯ ಚಮನಬಿ ಮೊಮ್ಮಗಳನ್ನು ಬಗಲಿಗೇರಿಸಿ, ಚೊಂಬು ಹಿಡಿದು ಗೂಟದ ಹತ್ತಿರ ನಿಂತಿದ್ದಳು. ಅವಳ ಹಿಂದೆ, ಸೆರಗು ತಲೆಗೆಳೆದುಕೊಂಡು, ಶಾಂತಲಿಂಗಪ್ಪನ ಹೆಂಡತಿ ಶಿವಕಾಂತಾ.

ಶಾಂತಲಿಂಗಪ್ಪ ಹೇಳದೆಯೇ ಡ್ರೈವರ್ ಜೀಪು ನಿಧಾನ ಮಾಡಿದ. ಗೌರಾಬಾಯಿ ಹೊರಗೆ ಬಾಗಿ ನೋಡಿದಳು. ಬೆಳಗಿನಿಂದ ಅಳದಿದ್ದವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಅಂದಳು.

"ಸಾಹೇಬ್ರ, ನಮ್ಮವರಿಗಿ ಹೇಳ್ರಿ. ಚಮನಬಿ ಒಯ್ಯೋ ಹಾಲು ಕೂಸಿಗಿ. ಅದಕ್ಕ ಹನಿ ನೀರೂ ಹಾಕಬಾರದಂತ."