ಪನಾಮದ ಮಗ್ಗಿ

"ಆಬ್ಲೊ, ಆಬ್ಲಾಸ್, ಆಬ್ಲಾ..."

ಶುರುವಾಯಿತು! ಬಚ್ಚಲ ಒಲೆಗೆ ಇನ್ನೂ ಬೆಂಕಿ ಬಿದ್ದಿಲ್ಲ, ಆಗಲೇ ಪಡಸಾಲೆಯಲ್ಲಿ ಬಾವನ ಮಗ್ಗಿ ಶುರು. ರಾಟೆಯ ಮುಂದೆ ಕೂತು ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದ ಹಂಪಕ್ಕ ಹಲ್ಲು ಕಡಿದಳು. ಎಳೆ ಪಟ್ಟನೆ ಹರಿಯಿತು.

ಬಾವ ಎಂದರೆ ಸೋದರತ್ತೆ ಕದರಮ್ಮನ ಮಗ ಗಂಗಣ್ಣ, ಮಡಕಶಿರದವನು. ಹಿಂದೂಪುರದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಬೆಂಗಳೂರು ಪೇಟೆಯಲ್ಲಿ ಒಬ್ಬ ಸಿಂಧಿ ಸೇಟಿನ ರೇಷ್ಮೆ ಅಂಗಡಿಗೆ ಗುಮಾಸ್ತನಾಗಿ ಸೇರಿದ್ದ. ಆ ಸೇಟಿಗೆ ಸಮುದ್ರದಾಚೆ ಪನಾಮ ಎಂಬಲ್ಲಿಯೂ ಒಂದು ಅಂಗಡಿಯಂತೆ. ಅಲ್ಲಿಯ ಜನಕ್ಕೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಮಾತು ಬರುವುದಿಲ್ಲವಂತೆ. ಆ ಭಾಷೆ ಕಲಿತವನಿಗೆ ಅಲ್ಲಿ ಮೂರು ವರ್ಷದ ಕರಾರು. ಬುಧವಾರ ಸೇಟಿನ ಮ್ಯಾನೇಜರು ಬಳ್ಳಾರಿಗೆ ಬಂದು ಪರೀಕ್ಷೆ ಮಾಡುವವನಿದ್ದ. ರಾಯದುರ್ಗದಲ್ಲಿ ರೈಲು ಹತ್ತಿದರೆ ಬಳ್ಳಾರಿಯಲ್ಲಿ ಇಳಿಯಬಹುದು, ಅದಕ್ಕೇ ಗಂಗಣ್ಣ ಆ ಊರಿನಲ್ಲಿದ್ದ ಸೋದರಮಾವನ ಮನೆಯಲ್ಲಿ ಠಿಕಾಣಿ ಹೂಡಿದ್ದ.

ಇರಲಿ, ಉಣ್ಣಲಿ, ಬೇಡ ಅಂದವರು ಯಾರು? ಆದರೆ ಬಂದಾಗಿನಿಂದ ಒಂದೇ ಪದವನ್ನು ಗಂಧದ ಹಾಗೆ ತೇಯುತ್ತಿದ್ದಾನೆ. ಅದರ ಅರ್ಥ ಏನಪ್ಪ ಎಂದು ಅಪ್ಪ ಸಂಜೀವಪ್ಪ ಕೇಳಿದ್ದಕ್ಕೆ ಹಿಗ್ಗಿ ಹೀರೇಕಾಯಿಯಾಗಿ ವಿವರಿಸಿದ್ದ:

"ಇದು ಮಾತಾಡೋದು ಅನ್ನೋ ಪದ ಮಾವ. ನಾನು ಮಾತಾಡ್ತೀನಿ, ಆಬ್ಲೊ. ನೀನು ಮಾತಾಡ್ತೀಯ, ಆಬ್ಲಾಸ್. ನೆನ್ನೆ ಮಾತಾಡ್ದೆ ಅನ್ನೋಕೆ ಬೇರೆ ಬಾಲ, ನಾಳೆ ಮಾತಾಡ್ತೀನಿ ಅನ್ನೋಕೆ ಬೇರೆ ಬಾಲ. ಇದೊಂದು ಸರಿಯಾಗಿ ಬಂದ್ರೆ ಇಂಥ ಎಷ್ಟೋ ಪದಕ್ಕೆ ಇದೇ ಬಾಲ ಅಂಟಿಸ್ಕೊಂಡು ಓಗ್ಬೋದು."

ಮಾತಾಡೋದು! ಅದನ್ನು ಕೇಳಿದಾಗಿನಿಂದ ಹಂಪಕ್ಕನಿಗೆ ಮೈಯೆಲ್ಲ ಉರಿ. ಅಲ್ಲ, ಮಾತಾಡುವುದನ್ನು ಮೂರು ಕಾಲದಲ್ಲೂ ಒದರುವ ಈ ಮಹಾನುಭಾವ ಅವಳ ಜೊತೆ ಒಂದು ಕಾಲದಲ್ಲಾದರೂ ಮಾತಾಡಬೇಡವೇ? ನೋಡುವುದು ಮಾತ್ರ ನೋಡುತ್ತಾನೆ. ನೀರಿನ ಚೆಂಬು ಕೊಟ್ಟರೆ ಬೆರಳು ನೋಡುತ್ತಾನೆ, ಮುದ್ದೆ ಬಡಿಸಿದರೆ ಬಳೆ ನೋಡುತ್ತಾನೆ. ಅವಳು ತಿರುಗಿ ನೋಡಿದಳೋ, ಮುಖವನ್ನು ಪುಸ್ತಕದೊಳಗೆ ಹುದುಗಿಸಿಬಿಡುತ್ತಾನೆ. ಕೆಂಪಾದ ಕಿವಿಗಳು ಮಾತ್ರ ಹೊರಗೆ ಉಳಿಯುತ್ತವೆ. ಆ ಕಿವಿ ಕಂಡರೆ ಅವಳಿಗೆ ನಗು ಬರುತ್ತಿತ್ತು, ನಗು ಬಂತಲ್ಲ ಎಂದು ಇನ್ನಷ್ಟು ಸಿಟ್ಟು.

ಈ ಸಿಟ್ಟು ಇವತ್ತಿನದಲ್ಲ. ಅವಳನ್ನು ತೊಟ್ಟಿಲಿಗೆ ಹಾಕಿದ ದಿನವೇ ಕದರಮ್ಮತ್ತೆ ಪುಟ್ಟ ಕೈಗೆ ಬೆಳ್ಳಿ ಕಡಗ ತೊಡಿಸಿ "ಇವಳು ನಮ್ಮ ಗಂಗಂಗೆ" ಅಂದಿದ್ದಳು. ಅಷ್ಟೇ, ಮುಗಿಯಿತು! ಮದುವೆಗೆ ಪುರೋಹಿತರನ್ನು ಕೇಳುತ್ತಾರೆ, ನೆಂಟರನ್ನು ಕೇಳುತ್ತಾರೆ, ಓಲಗದವರಿಗೆ ಪುರುಸೊತ್ತು ಇದೆಯೇ ಎಂದೂ ಕೇಳುತ್ತಾರೆ. ಹಂಪಕ್ಕನನ್ನು ಒಬ್ಬ ಪುಣ್ಯಾತ್ಮನೂ ಕೇಳಿಲ್ಲ. ಗಂಗಣ್ಣನಂತೂ ಕೇಳಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದಳು, ಅವಳ ಸಂಕಟವೇ ಅದು.

ಆ ಬೆಳಿಗ್ಗೆ ಪಡಸಾಲೆಯಲ್ಲಿ ಅಪ್ಪನ ಗಂಟಲು ಕೇಳಿಸಿತು.

"ಹಡಗು ಹತ್ತೋದ್ರೊಳಗ ಅಕ್ಕಿಕಾಳು ಹಾಕಿಬಿಡಾಣೇನಪ್ಪ ಗಂಗಣ್ಣ?"

"ಬ್ಯಾಡ ಮಾವ. ಮೂರು ವರ್ಷ ಕಳೀಲಿ. ಬಂದ್ಮೇಲೆ ನೋಡಾಣ."

ಬೇಡ! ಹಂಪಕ್ಕನ ರಾಟೆ ನಿಂತೇಹೋಯಿತು. ಅಪ್ಪ ನೂಲಿನ ಗಂಟು ಹೊತ್ತು ನೇಕಾರರ ಕೇರಿಗೆ ಹೋಗುವುದನ್ನೇ ಕಾದಿದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಪಡಸಾಲೆಗೆ ಬಂದಳು.

"ಬಾವ, ಪುಸ್ತಕ ಕೆಳಗ ಇಡ್ರಿ."

ಇಟ್ಟ.

"ನಾನು ಒಪ್ಪಿಸ್ತೀನಿ, ಕೇಳ್ರಿ. ಆಬ್ಲೊ, ನಾನು ಮಾತಾಡ್ತೀನಿ. ಆಬ್ಲಾಸ್..." ಬೆರಳನ್ನು ಅವನ ಎದೆಗೇ ನೆಟ್ಟಳು. "ನೀನು ಮಾತಾಡ್ತಿ."

ಗಂಗಣ್ಣ ಬೆಚ್ಚಿಬಿದ್ದ. ಬಾವನಿಗೆ 'ನೀನು' ಅನ್ನುವುದು ಆ ಮನೆಯಲ್ಲಿ ಉಂಟೇ?

"ಏನೇ ಹಂಪಿ, ನನ್ನೇ ನೀನು ಅಂತೀಯಾ?"

"ನಾನೆಲ್ಲಿ ಅಂದೆ? ನಿಮ್ಮ ಪುಸ್ತಕ ಅಂತೈತಿ. ಆಬ್ಲಾಸ್ತೆ, ನೀನು ಮಾತಾಡಿದಿ. ಯಾವಾಗ? ಶುದ್ಧ ಸುಳ್ಳು! ಆಬ್ಲಾರಾಸ್, ನೀನು ಮುಂದ ಮಾತಾಡ್ತಿ. ಎಷ್ಟು ಮುಂದ? ಮೂರು ವರ್ಷ ಕಳದಮ್ಯಾಲೇನು?"

"ಅಬ್ಬಾ! ನಿಂಗೆ ಎಲ್ಲಾ ಬಾಯಿಪಾಠ ಆಗೋಗೈತಲ್ಲೇ!"

"ಹಗಲೆಲ್ಲಾ ಕಿವ್ಯಾಗ ಸುರುವಿದ್ರ ಈ ಕಂಬಕ್ಕೂ ಬರ್ತೈತಿ. ನಿಮಗ ಒಬ್ಬರಿಗೇ ಬರಂಗಿಲ್ಲ. 'ನಾವು ಮುಂದ ಮಾತಾಡ್ತೀವಿ' ಅನ್ನೋದು ಬಂತಂದ್ರ ನಾಲಿಗಿ ತೊಡರ್ತೈತಿ. ಆಬ್ಲಾರೆಮೊಸ್! ಅಷ್ಟು ಅನ್ನಾಕ ಏನು ಕಷ್ಟ ನಿಮಗ?"

ನಿಜವೇ. ಆ ಒಂದು ಕಡೆ ಬಂದಾಗಲೆಲ್ಲ ಅವನು ತಡವರಿಸಿ, ಮತ್ತೆ ಮೊದಲಿನಿಂದ ಶುರು ಹಚ್ಚಿಕೊಳ್ಳುತ್ತಿದ್ದ. ಈಗಲೂ ತಲೆ ತಗ್ಗಿಸಿದ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಹಂಪಕ್ಕನ ದನಿ ಒಡೆಯಿತು.

"ನಾನು ಬ್ಯಾಡಾಗಿದ್ರ ನನ್ನ ಮುಂದ ಹೇಳ್ರಿ. ಅಪ್ಪನ ಮುಂದ ಹೇಳೋದು ಯಾಕ?"

"ನೀನು ಬ್ಯಾಡ ಅಂತ ಯಾರೇ ಅಂದೋರು!" ಗಂಗಣ್ಣ ಎದ್ದೇ ನಿಂತ. "ಅಂಗಲ್ಲ ಕಣೆ. ತೊಟ್ಲಾಗಿದ್ದೋಳ್ನ ನಮ್ಮವ್ವ ಇವಳು ನಮ್ಮೋಳು ಅಂದ್ಬಿಟ್ಳು. ನಿನ್ನ ಯಾರೂ ಕೇಳ್ಲಿಲ್ಲ. ಈಗ ನಾನು ತಾಳಿ ಕಟ್ಟಿ ಹಡಗು ಹತ್ತಿದ್ರೆ, ನೀನು ನಮ್ಮನೆ ರೇಷ್ಮೆಹುಳಕ್ಕೆ ಸೊಪ್ಪು ಆಕ್ಕೊಂಡು ಮೂರು ವರ್ಷ ದಾರಿ ಕಾಯ್ಬೇಕು. ಅದ್ಯಾಕೆ? ಅಷ್ಟರಾಗೆ ನಿಂಗೆ ಬೇರೆ ಯಾರಾದ್ರೂ ಒಪ್ಪಿಗೆ ಆದ್ರೆ ಆಗ್ಲಿ ಅಂತ..."

"ಅಯ್ಯೋ ನನ್ನ ಧರ್ಮರಾಯ!" ಹಂಪಕ್ಕ ಕೈ ಮುಗಿದಳು. ಸಿಟ್ಟು ಈಗ ನೆತ್ತಿಗೇರಿತ್ತು. "ಅತ್ತಿ ನನ್ನ ಕಟ್ಟಿಹಾಕಿದ್ಲು, ಕೇಳಲಿಲ್ಲ. ನೀವು ಬಿಚ್ಚಿಬಿಟ್ರಿ, ನೀವಾದ್ರೂ ಕೇಳಿದ್ರೇನು? ಒಳ್ಳೇದು ಮಾಡಾಕೂ ಒಂದು ಮಾತು ಕೇಳಿ ಮಾಡಬೇಕ್ರಿ ಬಾವ!"

ಗಂಗಣ್ಣ ಬಾಗಿಲ ಕಡೆ ತಿರುಗಿದ. ಅಂಗಳದಲ್ಲಿ ನೆರೆಮನೆಯ ಕೋಳಿ ಬಂದು ಕೆದಕುತ್ತಿತ್ತು. ಅದನ್ನೇ ನೋಡುತ್ತಾ ಮೆಲ್ಲಗೆ ಅಂದ:

"ಎದ್ರಿಕೆ ಆಯ್ತಿತ್ತು."

"ಎಂಥ ಹೆದರಿಕಿ?"

"ಕೇಳ್ದಿದ್ರೆ ನೀನು ನನ್ನೋಳೇ ಅಂತ ಅಂದ್ಕೊಂಡಾದ್ರೂ ಇರ್ಬೋದು. ಕೇಳ್ದಾಗ ನೀನು ಬ್ಯಾಡ ಅಂದ್ಬಿಟ್ರೆ?"

ಇಷ್ಟು ವರ್ಷ ಹಂಪಕ್ಕನನ್ನು ಅಕ್ಕರೆಯಿಂದ ನೋಡಿದವನು ಇವನೊಬ್ಬನೇ, ಅವಳ 'ಬೇಡ'ಕ್ಕೆ ಹೆದರಿದವನೂ ಇವನೊಬ್ಬನೇ. ಪೆದ್ದ. ಶುದ್ಧ ಪೆದ್ದ.

"ಕೇಳಿ ನೋಡ್ರಿ," ಅಂದಳು.

ಅವನು ತಲೆ ಎತ್ತಿದ. ಈ ಸಲ ಬೆರಳನ್ನಲ್ಲ, ಬಳೆಯನ್ನಲ್ಲ, ಅವಳ ಕಣ್ಣನ್ನೇ ನೋಡಿದ.

"ಹಂಪಿ, ನನ್ನ ಮದ್ವೆ ಆಯ್ತೀಯಾ?"

ಹೂಂ ಎಂಬುದು ಅವಳ ನಾಲಿಗೆಯ ತುದಿಗೇ ಬಂದು ಕೂತಿತ್ತು. ಆದರೆ ಹುಟ್ಟಿದಾಗಿನಿಂದ ಕಾದವಳು ಅವಳು, ಇವನು ಬುಧವಾರದವರೆಗೆ ಕಾದರೆ ಗಂಟೇನು ಹೋಗುತ್ತದೆ?

"ಮೊದಲು ಬಳ್ಳಾರಿಗೆ ಹೋಗಿ ಬರ್ರಿ. ಹೇಳ್ತೀನಿ."

ಬುಧವಾರ ಸಂಜೆ ಸಂಜೀವಪ್ಪ ಸ್ಟೇಷನ್ನಿಗೆ ಹೊರಟಾಗ, ನಾನೂ ಬರ್ತೀನಿ ಎಂದು ಹಂಪಕ್ಕ ಚಪ್ಪಲಿ ಮೆಟ್ಟಿದಳು. ಅಪ್ಪ ಹುಬ್ಬೇರಿಸಿದ. ರೈಲು ಬಂತು. ಗಂಗಣ್ಣ ಚೀಲ ಹಿಡಿದು ಇಳಿದ.

"ಪಾಸೇನಪ್ಪ?" ಅಪ್ಪ ಕೇಳಿದ.

"ಪಾಸು ಮಾವ. ಎಲ್ಲೂ ನಾಲ್ಗೆ ತೊಡರ್ಲಿಲ್ಲ."

ಹಂಪಕ್ಕ ಒಂದು ಹೆಜ್ಜೆ ಮುಂದೆ ಬಂದಳು. ಹಾಗಾದರೆ ಕರಾರಿಗೆ ಸಹಿ ಹಾಕಿಯೇ ಬಂದನೇ? ಈ ಸಲವೂ ಕೇಳದೆ?

"ಸಹಿ ಹಾಕಿದ್ರೇನು?" ಅಪ್ಪನ ಮುಂದೆಯೇ ಕೇಳಿಬಿಟ್ಟಳು.

"ಇಲ್ಲ. ಮನೇಲಿ ಕೇಳ್ಬೇಕು, ನಾಕು ದಿನ ಟೈಮ್ ಕೊಡಿ ಅಂದೆ. ಮನೇಲಿ ಯಾರನ್ನ ಕೇಳ್ಬೇಕಯ್ಯ ಅಂತ ಮ್ಯಾನೇಜರು ನಕ್ರು. ನನ್ನ ಎಂಡ್ತೀನ ಅಂದೆ."

ಸಂಜೀವಪ್ಪ ಕಕ್ಕಾಬಿಕ್ಕಿಯಾದ. "ಹೆಂಡ್ತೀನ? ಅಂದ್ರ... ನಮ್ಮ ಹಂಪೀನೇನು? ಆಕಿನ್ನ ಏನು ಕೇಳೋದೈತೋ?"

"ಕೇಳ್ಬೇಕು!" ಇಬ್ಬರೂ ಒಟ್ಟಿಗೆ ಅವನ ಮೇಲೆ ಹರಿಹಾಯ್ದರು. ಪಾಪ, ಆತ ಎರಡು ಹೆಜ್ಜೆ ಹಿಂದೆ ಸರಿದ.

ಗಂಗಣ್ಣ ಹಂಪಕ್ಕನ ಕಡೆ ತಿರುಗಿದ. "ಸುಳ್ಳು ಏಳ್ಬಿಟ್ಟೆ ಕಣೆ. ಅದನ್ನ ನಿಜ ಮಾಡೋದು ಬಿಡೋದು ನಿಂಗೆ ಸೇರಿದ್ದು."

"ಹೂಂ," ಅಂದಳು ಹಂಪಕ್ಕ. ಹಸಿರು ಬಾವುಟ ಹಿಡಿದವನೂ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅಂದಳು. "ಮದುವಿಗೆ ಹೂಂ."

"ಪನಾಮಕ್ಕೆ?"

ಹೋಗಬೇಡಿ ಎಂದರೆ ಅವನ ಇಷ್ಟು ದಿನದ ಪಾಡು ನೀರುಪಾಲು. ಹೋಗಿ ಬನ್ನಿ ಎಂದರೆ ಮೂರು ವರ್ಷ ಈ ಕಿವಿ, ಈ ಕಣ್ಣು ಯಾವುದೂ ಇಲ್ಲ. ಯಾರೂ ಕೇಳುವುದಿಲ್ಲ ಎಂದು ಕೂಗಾಡುತ್ತಿದ್ದವಳಿಗೆ ಈಗ ಉತ್ತರ ಹೊಳೆಯಲಿಲ್ಲ. ಚೀಲದ ಇನ್ನೊಂದು ಹಿಡಿಯನ್ನು ಹಿಡಿದುಕೊಂಡಳು.

"ಆಬ್ಲಾರೆಮೊಸ್," ಅಂದಳು. "ನಡೀರಿ, ಮಾತಾಡ್ತಾ ಹೋಗಾಣ."

ಮನೆ ಮುಟ್ಟುವ ತನಕ ಗಂಗಣ್ಣ ಬಾಯಿ ಮುಚ್ಚಲಿಲ್ಲ.