ದಾರ ಹೊಡೆಯದ ಬೋರ್ಡು

ಪರದೆ ಜಾರಿತು. ಚಪ್ಪಾಳೆ ಅರ್ಧಕ್ಕೇ ನಿಂತಿತು.

ಕುಷ್ಟಗಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಹಳೆಯ ಖಾನಾವಳಿಗೆ ಅಂದು ಹೊಸ ಕಳೆ. ಒಳಗೆ ಹೊಸ ಟೇಬಲ್ಲು, ಹುಬ್ಬಳ್ಳಿಯಿಂದ ತರಿಸಿದ ರೊಟ್ಟಿ ಮಷೀನು. ಬಾಗಿಲ ಮೇಲೆ ‘ಪ್ರಭುರಾಜ ಖಾನಾವಳಿ’ ಎಂಬ ಬೋರ್ಡು ಇರಬೇಕಿತ್ತು. ಇದ್ದದ್ದು ‘ಗಾಳೆಮ್ಮ ಖಾನಾವಳಿ’.

ಗಾಳೆಮ್ಮ ಅಲ್ಲಿ ರೊಟ್ಟಿ ಬಡಿಯುವ ಹೆಂಗಸು. ಮಾಲೀಕ ಪ್ರಭುರಾಜ ತೊಟ್ಟಿಲಲ್ಲಿದ್ದ ಕಾಲದಿಂದಲೂ ಆ ಒಲೆಯ ಮುಂದೆ ಕೂತವಳು. ಮಷೀನು ಬಂತಲ್ಲ, ಇನ್ನು ನೀನು ಬರಬೇಡ ಎಂದು ಹಿಂದಿನ ದಿನವಷ್ಟೇ ಅವಳಿಗೆ ಹೇಳಿಯಾಗಿತ್ತು.

ನೆರೆದ ಮಂದಿ ಕಿಸಕ್ಕನೆ ನಕ್ಕರು. ಪ್ರಭುರಾಜನ ಮುಖ ಹರಳೆಣ್ಣೆ ಕುಡಿದಂತಾಯಿತು. ಅವನು ನೆಟ್ಟಗೆ ಪೊಲೀಸ್ ಠಾಣೆಗೆ ಹೋದ.

ಅಲ್ಲಿ ಸಿಕ್ಕವಳು ಹೆಡ್ ಕಾನ್‌ಸ್ಟೇಬಲ್ ಸುಮಂಗಲಾ. ಬೋರ್ಡು ಬರೆದ ಪೇಂಟರ್ ತಾಹೇರ, ಗಾಳೆಮ್ಮ, ಅವಳ ಮಗ ಮರಿಸ್ವಾಮಿ, ಈ ಮೂವರ ಮೇಲೂ ಅವನ ದೂರು. ಮೂವರೂ ಸೇರಿ ಸಂಚು ಮಾಡಿ ತನ್ನ ಮಾನ ಕಳೆದರು, ಸಂಜೆಯೊಳಗೆ ಒಳಗೆ ಹಾಕಬೇಕು ಎಂದು ಕೂತುಬಿಟ್ಟ.

ಈ ಊರಿಗೆ ಬಂದಾಗಿನಿಂದ ಸುಮಂಗಲಾ ಉಂಡದ್ದು ಗಾಳೆಮ್ಮನ ಕೈ ರೊಟ್ಟಿ. ಆ ಮುದುಕಿಗೆ ಕೆಲಸವಂತೂ ಹೋಗಿತ್ತು. ಈಗ ಠಾಣೆಯ ಮೆಟ್ಟಿಲು ಹತ್ತಿಸಿದರೆ ಮಾನವೂ ಹೋಗುತ್ತದೆ.

* * *

ಸುಮಂಗಲಾ ಖಾನಾವಳಿಗೆ ಬಂದು ಬೋರ್ಡನ್ನು ಇಳಿಸಲು ಹೇಳಿದಳು. ತಾಹೇರನನ್ನೂ ಕರೆಸಿದಳು.

ಇಲ್ಲೊಂದು ಮಾತು ಹೇಳಬೇಕು. ತಾಹೇರ ಅವಳಿಗೆ ಆರೋಪಿಯಷ್ಟೇ ಅಲ್ಲ, ಗುರು. ಫ್ಲೆಕ್ಸ್ ಬಂದು ಊರಿನ ಪೇಂಟರುಗಳೆಲ್ಲ ಬೇರೆ ದಾರಿ ಹಿಡಿದರೂ ಇವನು ಮಾತ್ರ ಕುಂಚ ಬಿಟ್ಟಿರಲಿಲ್ಲ. ರವಿವಾರ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಇದೇ ಖಾನಾವಳಿಯಲ್ಲಿ ಕೂತು ಆಸಕ್ತರಿಗೆ ಅಕ್ಷರ ಬರೆಯಲು ಕಲಿಸುತ್ತಿದ್ದ. ಸುಮಂಗಲಾ ಆ ಪಾಠಕ್ಕೆ ಹೊಸದಾಗಿ ಸೇರಿದ್ದಳು. ಕುಂಚವನ್ನು ಲಾಠಿಯಂತೆ ಹಿಡಿಯುತ್ತಿದ್ದಳು. ಅವಳು ಬರೆದ ‘ಅ’ ಎಮ್ಮೆ ಮಲಗಿದಂತೆ ಕಾಣುತ್ತಿತ್ತು. ತಾಹೇರ ಬೈಯುವವನಲ್ಲ. ಅವನದು ಒಂದೇ ಪಾಠ.

“ಅಕ್ಷರ ಆಮ್ಯಾಲೆ ನೋಡ್ರಿ ಮೇಡಂ. ಮೊದಲ ದಾರ ನೋಡ್ರಿ.”

ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಟಪ್ಪೆಂದು ಬಿಡಬೇಕು. ಮೇಲೊಂದು ಗೆರೆ, ಕೆಳಗೊಂದು ಗೆರೆ. ಅಕ್ಷರ ಅವೆರಡರ ನಡುವೆ ಬಾಳುವೆ ಮಾಡಬೇಕು. ಹಾಗಾಗಿ ಈ ಬೋರ್ಡಿನ ಮೇಲೂ ಅವಳ ಕಣ್ಣು ಮೊದಲು ಹುಡುಕಿದ್ದು ಗೆರೆಯನ್ನೇ.

ಗೆರೆ ಇರಲಿಲ್ಲ.

ಬೋರ್ಡು ತಿರುಗಿಸಿದಳು. ಹಿಂಬದಿಯಲ್ಲಿ ‘ಪ್ರಭುರಾಜ ಖಾನಾವಳಿ’ ಥಳಥಳ ಹೊಳೆಯುತ್ತಿತ್ತು. ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ತುಕ್ಕು ಹಿಡಿಯದಿರಲೆಂದು ತಗಡಿಗೆ ಎರಡೂ ಕಡೆ ನೀಲಿ ಬಣ್ಣ ಹೊಡೆದಿದ್ದೆ, ಬರೆದದ್ದು ಒಂದೇ ಕಡೆ ಎಂದು ತಾಹೇರ ಹೇಳಿದ. ಇನ್ನೊಂದು ಕಡೆ ಯಾರೋ ಬರೆದಿದ್ದಾರೆ. ಕುಂಚವೂ ಬಣ್ಣವೂ ತನ್ನವೇ, ರವಿವಾರದ ಪಾಠಕ್ಕೆಂದು ಡಬ್ಬಿ ಇಲ್ಲೇ ಇಟ್ಟಿರುತ್ತೇನೆ ಎಂದೂ ಒಪ್ಪಿಕೊಂಡ. ಪ್ರಭುರಾಜನಿಗೆ ಅಷ್ಟೇ ಸಾಕಾಯಿತು.

“ಕೇಳಿದ್ರಲ್ಲ? ಕಳ್ಳನ ಬಾಯಾಗಿಂದನ ಬಂತು.”

ಸುಮಂಗಲಾ ಮರಿಸ್ವಾಮಿಯನ್ನು ವಿಚಾರಿಸಿದಳು. ಅವನು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಿಂದಿನ ದಿನ ಹನುಮಸಾಗರಕ್ಕೆ ಫ್ಲೆಕ್ಸ್ ಕಟ್ಟಲು ಹೋದವನು ಅಲ್ಲೇ ಉಳಿದು, ಪರದೆ ಜಾರಿದ ಮೇಲೆ ಊರಿಗೆ ಬಂದಿದ್ದ. ಫೋನು ಮಾಡಿ ಕೇಳಿದರೆ ಅಲ್ಲಿಯವರೂ ಹೌದೆಂದರು.

ಅವಳು ಮತ್ತೆ ಬೋರ್ಡಿನ ಮುಂದೆ ಕೂತಳು. ಅಕ್ಷರದ ಮೇಲೆ ಬೆರಳಾಡಿಸಿದಳು. ಅಲ್ಲಲ್ಲಿ ಸಣ್ಣ ರವೆಯಂಥದ್ದು ಬೆರಳಿಗೆ ತಾಗಿತು. ಬಣ್ಣದಲ್ಲಿ ಬಿಳಿ ಪುಡಿ ಸಿಕ್ಕಿಕೊಂಡಿತ್ತು, ಸಮ ಅಂತರದ ಚುಕ್ಕಿ ಚುಕ್ಕಿಯಾಗಿ. ‘ಗಾಳೆಮ್ಮ’ ಎಂಬುದರ ನಡುವಿನ ‘ಳೆ’ ನೋಡಿದವಳೇ ನಾಲಿಗೆ ಕಚ್ಚಿಕೊಂಡಳು. ಅದರ ಹೊಟ್ಟೆ ಜೋತುಬಿದ್ದಿತ್ತು. ಆ ಜೋತುಬಿದ್ದ ಹೊಟ್ಟೆ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಎದ್ದು ಹೊಸ್ತಿಲ ಬಳಿ ಹೋದಳು. ಬಗ್ಗಿ ನೆಲ ನೋಡಿದಳು. ಆಮೇಲೆ ಎಲ್ಲರನ್ನೂ ಒಳಗೆ ಕರೆದಳು.

* * *

“ಬೋರ್ಡಿಗೆ ಪರದೆ ಅಂತ ಸೀರಿ ಸುತ್ತಿದವರು ಯಾರು?” ಎಂದು ಕೇಳಿದಳು.

ಪ್ರಭುರಾಜ ತನ್ನ ತಾಯಿಯ ಕಡೆ ಕೈ ತೋರಿಸಿದ. ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ವಿರೂಪಾಕ್ಷಮ್ಮ ತಲೆ ಎತ್ತಲಿಲ್ಲ. ದೃಷ್ಟಿ ತಾಗಬಾರದೆಂದು ಅವ್ವನೇ ತನ್ನ ಇಳಕಲ್ ಸೀರೆ ಸುತ್ತಿ ಕೊಟ್ಟಳು, ಸೆರಗು ಮುಂದೆ ಬರುವಂತೆ ತೂಗುಹಾಕಿ ಎಂದಳು, ಆಳುಗಳು ಹಾಗೇ ಮಾಡಿದರು ಎಂದು ಅವನು ವಿವರಿಸಿದ.

ಸುಮಂಗಲಾ ಒಂದೊಂದಾಗಿ ಬಿಡಿಸಿ ಹೇಳಿದಳು. ವೈರಿಯಾಗಿದ್ದರೆ ಪ್ರಭುರಾಜನ ಹೆಸರಿಗೆ ಡಾಂಬರು ಬಳಿಯುತ್ತಿದ್ದ. ಇವರು ಆ ಹೆಸರಿಗೆ ಉಗುರು ತಾಗಿಸಿಲ್ಲ. ಪೇಂಟರ್ ಆಗಿದ್ದರೆ ದಾರ ಹೊಡೆಯುತ್ತಿದ್ದ. ಇವರು ಬೋರ್ಡನ್ನು ನೆಲಕ್ಕೆ ಮಲಗಿಸಿ ರಂಗೋಲಿ ಪುಡಿಯ ಚುಕ್ಕಿ ಇಟ್ಟು, ಕುಂಚ ಎತ್ತದೆ ಒಂದೇ ಎಳೆಯಲ್ಲಿ ಅವನ್ನು ಕೂಡಿಸಿದ್ದಾರೆ. ಹೊಸ್ತಿಲ ಮುಂದೆ ವಿರೂಪಾಕ್ಷಮ್ಮ ಇವತ್ತು ಹಾಕಿದ ರಂಗೋಲಿಯಲ್ಲೂ ಅದೇ ಅಂತರ, ಅದೇ ತಿರುವು.

“ಏನ್ರಿ ಮೇಡಂ, ನಮ್ಮವ್ವಗ ಅಕ್ಷರಾನ ಬರೂದಿಲ್ಲ,” ಎಂದ ಪ್ರಭುರಾಜ.

“ಅದಕ್ಕ ಅವರು ಬರದಿಲ್ರಿ. ರಂಗೋಲಿ ಹಾಕ್ಯಾರ.”

‘ಖಾನಾವಳಿ’ ಎಂಬುದನ್ನು ಇಳಿಸಿಟ್ಟಿದ್ದ ಹಳೆಯ ಬೋರ್ಡು ನೋಡಿ ತೆಗೆದದ್ದು. ಅದಕ್ಕೇ ಅದು ಚಂದ ಬಂದಿದೆ. ‘ಗಾಳೆಮ್ಮ’ ಮಾತ್ರ ಸೊಟ್ಟ. ಏಕೆಂದರೆ ಅದರ ಮಾದರಿ ಬರೆದವಳು ಈ ಸುಮಂಗಲಾಳೇ. ಒಂದು ರವಿವಾರ ಪಾಠ ಮುಗಿದ ಮೇಲೆ ವಿರೂಪಾಕ್ಷಮ್ಮ ಪಕ್ಕಕ್ಕೆ ಬಂದು, ನಮ್ಮ ಗಾಳೆಮ್ಮನ ಹೆಸರು ಹೇಗೆ ಕಾಣುತ್ತದೋ ಬರೆದು ತೋರಿಸು ಎಂದಿದ್ದಳು. ಬರೆದು ಕೊಟ್ಟ ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಗುರು ತಿದ್ದದೆ ಬಿಟ್ಟ ತಪ್ಪು ಈಗ ಬೋರ್ಡೇರಿ ಕೂತಿತ್ತು.

ತಾಹೇರನಿಗೆ ನಗು ತಡೆಯಲಾಗಲಿಲ್ಲ. ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಗಾಳೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ವಿರೂಪಾಕ್ಷಮ್ಮ ಬೆಳ್ಳುಳ್ಳಿ ಬುಟ್ಟಿ ಸರಿಸಿ ಮಗನನ್ನು ನೋಡಿದಳು.

“ನಿಮ್ಮಪ್ಪ ತೀರಿಕೊಂಡಾಗ ನಾ ಗೋಡಿಗೆ ಮಾರಿ ಮಾಡಿ ಕುಂತಿದ್ದೆ. ನೀ ಹಸಿದು ಅಳತಿದ್ದಿ. ಈಕಿ ತಾನ ಬಂದು ಒಲಿ ಹಚ್ಚಿದ್ಲು, ಯಾರೂ ಕರೆದಿದ್ದಿಲ್ಲ. ಆಕೀನ್ನ ಬಿಡಸಬ್ಯಾಡ ಅಂತ ನಿನಗ ಎಷ್ಟ ಸಲ ಹೇಳಿದೆ? ನೀ ಕೇಳಲಿಲ್ಲ. ನೀ ಸಾಲಿ ಕಲ್ತಾಂವ, ಬರದ್ರಾದ್ರೂ ಓದತಿ ಅಂತ ಬರದೆ.”

ದೂರು ವಾಪಸ್ ತಗೋತೀನ್ರಿ ಎಂದು ಪ್ರಭುರಾಜ ನೆಲ ನೋಡಿಕೊಂಡೇ ಹೇಳಿದ. ಮಷೀನಿನ ಸುದ್ದಿ ಮಾತ್ರ ಎತ್ತಲಿಲ್ಲ.

ಸುಮಂಗಲಾ ವಿರೂಪಾಕ್ಷಮ್ಮನ ಹೇಳಿಕೆ ಬರೆದುಕೊಂಡು ಓದಿ ಹೇಳಿದಳು. ಹೆಬ್ಬೆಟ್ಟು ಒತ್ತಲು ಇಂಕಿನ ಪ್ಯಾಡು ಮುಂದಿಟ್ಟಳು. ವಿರೂಪಾಕ್ಷಮ್ಮ ಅದನ್ನು ಆಚೆ ಸರಿಸಿ ಪೆನ್ನು ಕೇಳಿದಳು. ಹಾಳೆಯ ಮೇಲೆ ಚುಕ್ಕಿ ಇಟ್ಟಳು. ಉಸಿರು ಬಿಗಿಹಿಡಿದು ನಿಧಾನವಾಗಿ ಕೂಡಿಸಿದಳು.

ಸುಮಂಗಲಾ ನೋಡಿದಳು. ‘ಗಾಳೆಮ್ಮ’ ಎಂದಿತ್ತು.

“ಅವ್ವಾರ, ಇಲ್ಲಿ ನಿಮ್ಮ ಹೆಸರ ಬರೀಬೇಕ್ರಿ.”

“ಗೊತ್ತೈತಿ ತಂಗಿ. ನಂದ ಇನ್ನೂ ಕಲ್ತಿಲ್ಲ. ಮೊದಲ ಇದನ್ನ ಕಲ್ತೆ.”

ಪ್ರಭುರಾಜ ಹಾಳೆಯನ್ನು ಎತ್ತಿಕೊಂಡ. ಬರೆದದ್ದನ್ನು ಓದಿದ. ಆಮೇಲೆ ಬೋರ್ಡು ಏರಿಸು ಎಂದು ತಾಹೇರನಿಗೆ ಹೇಳಿದ. ಯಾವ ಕಡೆ ಮುಂದೆ ಬರಲಿ ಎಂದು ತಾಹೇರ ಕೇಳಿದ.

“ನಮ್ಮವ್ವ ಬರದದ್ದು,” ಎಂದ ಪ್ರಭುರಾಜ.

ಹಾಗೆಂದವನು ಅಡಿಗೆ ಮನೆಯ ಬಾಗಿಲಿಗೆ ಹೋಗಿ ಗಾಳೆಮ್ಮನ ಎದುರು ನಿಂತ. ಹುಟ್ಟಿದಾಗಿನಿಂದ ಅವಳಿಗೆ ಹುಕುಂ ಮಾಡಿಯೇ ರೂಢಿ ಅವನಿಗೆ. ಅಂದು ಮಾತ್ರ ಕೇಳಿದ.

“ಗಾಳೆಮ್ಮಕ್ಕ, ಒಲಿ ಹಚ್ಚತೀಯೇನು?”