ಒಂದೇ ಹಲಗೆಯ ಜೋಡಿ

"ಇವನನ್ನು ನೋಡಿ, ಥೇಟ್ ನೀವೇ," ಎಂದಳು ಫ್ಲೋರಿನ್.

ಹೆನ್ರಿ ಬಗ್ಗಿ ನೋಡಿದ. ಗೇಣುದ್ದದ ಮದುಮಗನ ಗೊಂಬೆ. ಕಪ್ಪು ಕೋಟು, ಎದೆಗೊಂದು ಬಿಳಿ ಹೂವು, ಓರೆ ಟೊಪ್ಪಿ. ಕೋಟಿನೊಳಗೆ ಮಾಂಸ ಮಾತ್ರ ಇಲ್ಲ, ಬರೀ ಎಲುಬು. ಹಲ್ಲೆಲ್ಲ ಹೊರಗೆ ಬಿಟ್ಟು ನಗುತ್ತಿದ್ದ.

"ನಾನು ಇಷ್ಟು ಸಪೂರ ಇದ್ದೇನಾ?"

"ಸಪೂರ ಆಗ್ಲಿಕ್ಕೆ ಇನ್ನು ಸ್ವಲ್ಪ ಟೈಮ್ ಉಂಟು. ನಗು ಮಾತ್ರ ಈಗಲೇ ಇದೇ."

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲು ಸಣ್ಣದಾಗುತ್ತಿತ್ತು. ಆ ಗುಟ್ಟು ಫ್ಲೋರಿನ್‌ಗೆ ಸಿಕ್ಕಿದ್ದು ಎರಡು ವರ್ಷದ ಹಿಂದೆ, ದೋಹಾದ ಆಸ್ಪತ್ರೆಯಲ್ಲಿ. ಎಣ್ಣೆಬಾವಿಯ ಪೈಪಿಗೆ ಹೆಬ್ಬೆರಳು ಕೊಟ್ಟು ಬಂದಿದ್ದ. ಹನ್ನೊಂದು ಹೊಲಿಗೆ. ದಿನಾ ಬ್ಯಾಂಡೇಜು ಬದಲಿಸುವ ನರ್ಸು ಇವಳು. "ನೋವುಂಟಾ?" ಎಂದು ಕೇಳಿದರೆ, "ನಿಮ್ಮ ಹೆಸರು ಹೇಳಿದ್ರೆ ಕಡಿಮೆ ಆದೀತು," ಎಂದಿದ್ದ. ಕಿನ್ನಿಗೋಳಿಯ ಈ ಹುಡುಗಿ ಬ್ಯಾಂಡೇಜನ್ನು ಒಂದು ಸುತ್ತು ಜಾಸ್ತಿ ಸುತ್ತಿದ್ದಳು. ಪ್ರೀತಿ ಶುರುವಾದದ್ದು ಆ ಒಂದು ಸುತ್ತಿನಲ್ಲಿ.

ಈಗ ತೊಂಬತ್ತೇಳರ ಅಕ್ಟೋಬರ್ ಮುಗಿಯುತ್ತಿತ್ತು. ದುಖಾನಿನ ಎಣ್ಣೆಕಂಪನಿ ಕಾಲೊನಿಯಲ್ಲಿ ಹೆನ್ರಿಯ ಪಕ್ಕದ ಮನೆಯವಳು ಕಾನ್ಸುವೆಲೊ, ಮೆಕ್ಸಿಕೋದ ಹೆಂಗಸು. ಗಂಡನ ಕಾಂಟ್ರಾಕ್ಟ್ ಖಲಾಸ್ ಆಗಿ, ಮನೆಸಾಮಾನನ್ನೆಲ್ಲ ಕಾರ್ ಶೆಡ್ಡಿನಲ್ಲಿ ಹರಡಿ ಮಾರುತ್ತಿದ್ದಳು. ಟೋಸ್ಟರ್, ಸೈಕಲ್, ಪರದೆಗಳ ನಡುವೆ ಒಂದು ಮೇಜಿನ ತುಂಬ ಈ ನಗುವ ಎಲುಬಿನ ಗೊಂಬೆಗಳು. ಗಿಟಾರ್ ಬಾರಿಸುವವನು, ರೊಟ್ಟಿ ತಟ್ಟುವವಳು, ಹೂಬುಟ್ಟಿ ಹಿಡಿದ ಹುಡುಗಿ.

ಕಾನ್ಸುವೆಲೊ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದ್ದಳು. ಸತ್ತವರ ಹಬ್ಬದ ದಿನ ನಮ್ಮಲ್ಲಿ ಸಮಾಧಿಗೆ ಹೋಗಿ ಅಳುವುದು ಮಾತ್ರ ಅಲ್ಲ, ಅವರನ್ನು ಮನೆಗೆ ಕರೆಯುತ್ತೇವೆ. ಅವರಿಗಿಷ್ಟವಾದದ್ದು ಬಡಿಸುತ್ತೇವೆ. ಅವರು ನಗುತ್ತಾ ಬರುತ್ತಾರೆ.

"ಮಾಂಯ್‌ಗೆ ಇದನ್ನೇ ಕೊಡ್ತೇನೆ," ಎಂದಳು ಫ್ಲೋರಿನ್.

ಹೆನ್ರಿಯ ನಗು ನಿಂತಿತು. "ಬೇಡ ಮಾರಾಯ್ತಿ. ಒಂದು ಯಾರ್ಡ್ಲಿ ಪೌಡರ್, ಒಂದು ಶಾಲು. ಊರಿಂದ ಬಂದವರಿಗೆ ಎಲ್ಲರೂ ಕೊಡೋದು ಅದೇ."

"ಎಲ್ಲರೂ ಕೊಡೋದನ್ನು ಕೊಟ್ರೆ ಅವರಿಗೆ ನಾನೂ ಎಲ್ಲರ ಹಾಗೆಯೇ."

ಮಾಂಯ್ ಎಂದರೆ ಹೆನ್ರಿಯ ಅತ್ತೆ, ಬೆಳ್ಮಣ್ಣಿನ ಸೆವ್ರಿನ್ ಬಾಯಿ. ಅವಳ ಒಬ್ಬಳೇ ಮಗಳು ಎಮಿಲ್ಡಾ ಹೆನ್ರಿಯನ್ನು ಮದುವೆಯಾಗಿ ಒಂದೂವರೆ ವರ್ಷಕ್ಕೆ ಜ್ವರದಲ್ಲಿ ಹೋಗಿಬಿಟ್ಟಿದ್ದಳು. ಅದಾಗಿ ನಾಲ್ಕು ವರ್ಷ. ಹೆತ್ತ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಹೆನ್ರಿಗೆ ಆಮೇಲೆ ತಾಯಿ ಎಂದರೆ ಅವಳೇ. ವಿಸಿಟ್ ವೀಸಾದಲ್ಲಿ ಎರಡು ತಿಂಗಳಿಗೆ ಬರುತ್ತಿದ್ದಳು, ಫ್ಲೋರಿನ್‌ಳನ್ನು ನೋಡಲಿಕ್ಕೆ.

ಇಡೀ ಸೀಮೆಯಲ್ಲಿ ಸೆವ್ರಿನ್ ಬಾಯಿಯ ಹಾಗೆ ವೊವಿಯೊ ಹಾಡುವವರು ಇರಲಿಲ್ಲ. ಮದುವೆಯ ಹಿಂದಿನ ದಿನ ಮದುಮಕ್ಕಳನ್ನು ಕೂರಿಸಿ ಹಣೆಗೆ ತೆಂಗಿನಹಾಲು ಹಚ್ಚುವ ಶಾಸ್ತ್ರಕ್ಕೆ ರೋಸ್ ಎನ್ನುತ್ತಾರೆ. ಆಗ ಮದುಮಕ್ಕಳ ಹೆಸರು ಕಟ್ಟಿ ಹಾಡುವ ಪದವೇ ವೊವಿಯೊ. ಹಿರಿಯಳೊಬ್ಬಳು ಸಾಲು ಎತ್ತುತ್ತಾಳೆ, ಸೇರಿದವರೆಲ್ಲ ಕೊನೆಯ ಸಾಲನ್ನು ತಿರುಗಿ ಹೇಳುತ್ತಾರೆ. ಹಾಗೆ ಹತ್ತು ಬಾಯಲ್ಲಿ ತಿರುಗಿ ಬಂದ ಹೆಸರುಗಳನ್ನು ಆಮೇಲೆ ಯಾರೂ ಬಿಡಿಸಲಾರರು ಎಂದು ನಂಬಿಕೆ. ಫ್ಲೋರಿನ್ ಬೆಳೆದದ್ದು ಅಜ್ಜಿಯ ಮಡಿಲಲ್ಲಿ, ಸಂಜೆಯ ತೇರ್ಸ್ ಜಪ ಮುಗಿದ ಮೇಲೆ ಇಂಥ ಪದ ಕೇಳುತ್ತಲೇ. ಅವಳಿಗೆ ಹಾಡಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು.

"ನಮ್ಮ ರೋಸ್‌ಗೆ ಮಾಂಯ್ ಒಂದು ವೊವಿಯೊ ಹೇಳಿದ್ರೆ ಸಾಕು," ಎಂದು ಹೆನ್ರಿ ನೂರು ಸಲ ಹೇಳಿದ್ದ. "ಹೇಳದಿದ್ರೆ ನನ್ನಿಂದ ಆಗ್ಲಿಕ್ಕಿಲ್ಲ, ಫ್ಲೋರಿ."

ಅದಕ್ಕೇ ಅವಳಿಗೆ ಈ ಗೊಂಬೆ ಬೇಕಾಗಿತ್ತು. ನಿಮ್ಮ ಮಗಳನ್ನು ನಾನು ಹೊರಗೆ ಹಾಕುವುದಿಲ್ಲ, ಅವಳಿಗೂ ಈ ಮನೆಯಲ್ಲಿ ಜಾಗ ಇದೆ ಎನ್ನುವುದನ್ನು ಯಾರ್ಡ್ಲಿ ಪೌಡರ್ ಹೇಳೀತೇ?

ಸಂಗತಿ ಗೊತ್ತಿದ್ದ ಕಾನ್ಸುವೆಲೊ ಹೂಬುಟ್ಟಿಯ ಹುಡುಗಿಯನ್ನು ಎತ್ತಿ ಫ್ಲೋರಿನ್ ಕೈಗಿಟ್ಟಳು. "ಡಾಟರ್. ಫಾರ್ ಮಾಮಾ. ಗುಡ್."

ಫ್ಲೋರಿನ್ ಅದನ್ನು ನೋಡಿದಳು. ಮತ್ತೆ ಮದುಮಗನ ಕಡೆ ನೋಡಿದಳು. ಅವನ ಪಕ್ಕದಲ್ಲೇ, ಅದೇ ಹಲಗೆಗೆ ಅಂಟಿಕೊಂಡು, ಬಿಳಿ ಉಡುಗೆಯ ಮದುಮಗಳೊಬ್ಬಳು ಅವನ ತೋಳು ಹಿಡಿದಿದ್ದಳು. ತಲೆಯನ್ನು ತುಸು ಓರೆ ಮಾಡಿದ್ದಳು, ಫ್ಲೋರಿನ್ ಮಾಡುವ ಹಾಗೆ.

"ಇದು ಬೇಕು."

ಕಾನ್ಸುವೆಲೊ ತಲೆಯಾಡಿಸಿದಳು. "ನೋ ಮಾಮಾ. ದಿಸ್ ಈಸ್ ಫಾರ್ ಯೂ."

"ಜೋಡಿ ಇರ್ಲಿ," ಎಂದಳು ಫ್ಲೋರಿನ್ ಕನ್ನಡದಲ್ಲಿ, ಯಾರಿಗೋ. ಎರಡು ವರ್ಷ ಕಾದವಳಿಗೆ ಒಂದು ಗೊಂಬೆಯಲ್ಲಾದರೂ ಅವನ ಪಕ್ಕ ನಿಲ್ಲುವ ಆಸೆ. ಆ ಆಸೆಯನ್ನು ಎಮಿಲ್ಡಾಳ ಹೆಸರಿನಲ್ಲಿ ಸುತ್ತಿ ಮನೆಗೆ ಒಯ್ದಳು.

ಮುಂದಿನ ಶುಕ್ರವಾರ, ದೋಹಾದಲ್ಲಿ ಬೆಳಗಿನ ಪೂಜೆ ಮುಗಿಸಿ, ಹೆನ್ರಿಯ ಕಾರಿನಲ್ಲಿ ದುಖಾನಿಗೆ ಹೊರಟರು. ದಾರಿಯುದ್ದಕ್ಕೂ ಅವನು ಗೇರು ಬದಲಿಸುವ ನೆಪದಲ್ಲಿ ಅವಳ ಬೆರಳು ತಾಗಿಸುತ್ತಿದ್ದ.

"ಇದು ಆಟೊಮ್ಯಾಟಿಕ್ ಅಲ್ವಾ?" ಎಂದಳು ಅವಳು.

"ಹೌದು. ಆದ್ರೂ ಅಭ್ಯಾಸ."

ಸೆವ್ರಿನ್ ಬಾಯಿ ಬಾಗಿಲಲ್ಲೇ ನಿಂತಿದ್ದಳು. ಸಣ್ಣ ಆಳು, ಬಿಳಿ ಸೀರೆ, ಕಾಯಿ ತುರಿದು ಬಿಳಿಯಾದ ಕೈ. ಫ್ಲೋರಿನ್‌ಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಬಾ ಬಾಯೆ. ಚೆಂದ ಉಂಟು ಮೋರೆ. ನರ್ಸಮ್ಮ ಅಂತ ಕೇಳಿ ಸೂಜಿ ಹಿಡ್ಕೊಂಡು ಬರ್ತಾಳೆ ಅಂದುಕೊಂಡಿದ್ದೆ."

ಎಲ್ಲರೂ ನಕ್ಕರು. ಅಡುಗೆಮನೆಯಿಂದ ಅಂಜಲ್ ಮೀನಿನ ಸಾರಿನ ಪರಿಮಳ. ಸಾರಿಗೆ ಹಾಕಿ ಮಿಕ್ಕ ತೆಂಗಿನಹಾಲು ಒಂದು ಬಟ್ಟಲಲ್ಲಿ ಮೇಜಿನ ಮೇಲಿತ್ತು. ಮುದುಕಿ ಪೆಟ್ಟಿಗೆಯಿಂದ ಒಂದು ಕೆಂಪು ಡಬ್ಬಿ ತಂದು ಅದರ ಪಕ್ಕ ಇಟ್ಟಳು. "ನೀನು ಎಂತದೋ ತಂದಿದ್ದಿ ಅಲ್ಲ? ಮೊದ್ಲು ನಿಂದು. ಆಮೇಲೆ ನಂದು."

ಫ್ಲೋರಿನ್ ಕಾಗದ ಬಿಡಿಸಿದಳು. ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡದ್ದನ್ನು ಬಾಯಿಬಿಟ್ಟು ಹೇಳಿದಳು. ಇದು ಮೆಕ್ಸಿಕೋದ್ದು, ಸತ್ತವರು ನಗುತ್ತಾ ಮನೆಗೆ ಬರುತ್ತಾರೆ ಎನ್ನುವುದಕ್ಕೆ ಇಡುತ್ತಾರೆ, ನಿಮ್ಮ ಎಮಿಲ್ಡಾ ನೆನಪಿಗೆ, ಮಾಂಯ್.

ಸೆವ್ರಿನ್ ಬಾಯಿ ಗೊಂಬೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೆರಳ ತುದಿಯಿಂದ ಮದುಮಗಳ ಬಿಳಿ ಉಡುಗೆ ಮುಟ್ಟಿದಳು. ಗಂಡಿನ ಕೋಟು ಮುಟ್ಟಿದಳು. ಹಲಗೆಯ ಅಂಚನ್ನು ಉಗುರಿನಿಂದ ಮೀಟಿ ನೋಡಿದಳು.

"ಬೇರೆ ಮಾಡ್ಲಿಕ್ಕೆ ಬರೋದಿಲ್ಲ ಅಲ್ಲ?"

"ಇಲ್ಲ ಮಾಂಯ್. ಒಂದೇ ಹಲಗೆ."

"ಇವಳು ಎಮಿಲ್ಡಾ."

"ಹೌದು ಮಾಂಯ್."

"ಹಾಗಾದ್ರೆ ಇವನು?"

ಫ್ಲೋರಿನ್ ಹೆನ್ರಿಯ ಕಡೆ ನೋಡಿದಳು. ಹೆನ್ರಿ ಕಿಟಕಿಯಾಚೆ, ದೂರದಲ್ಲಿ ಉರಿಯುತ್ತಿದ್ದ ಗ್ಯಾಸಿನ ಜ್ವಾಲೆ ನೋಡುತ್ತಿದ್ದ.

ಮುದುಕಿ ಕೆಂಪು ಡಬ್ಬಿ ತೆರೆದಳು. ಹೊಸ ಕರಿಮಣಿ. ಬಂಗಾರದ ಗುಂಡುಗಳು ಕಿಟಕಿಯ ಬಿಸಿಲಿಗೆ ಮಿನುಗಿದವು. "ನಿನಗೇ ಅಂತ ಮಾಡಿಸಿದ್ದು," ಎಂದಳು, ಅದೇ ಮೆತ್ತನೆಯ ಸ್ವರದಲ್ಲಿ. "ನನ್ನ ಮಗಳನ್ನು ಇಲ್ಲಿ ಬಿಟ್ಟು ಹೋಗೋಣ ಅಂತ ಬಂದಿದ್ದೆ, ಬಾಯೆ. ದಾರಿಯಲ್ಲಿ ಪ್ಲೇನಿನಲ್ಲಿ ಅತ್ತು ಮುಗಿಸಿಯೂ ಆಗಿತ್ತು. ನೀನೇ ಹೋಗಿ ಅವಳನ್ನು ಕರ್ಕೊಂಡು ಬಂದೆ. ಗಂಡನ ಕೈ ಹಿಡಿಸಿ ಕರ್ಕೊಂಡು ಬಂದೆ. ಎಷ್ಟು ಒಳ್ಳೆಯವಳು ನೀನು."

ಕರಿಮಣಿಯನ್ನು ಎರಡು ಗೊಂಬೆಗಳ ಕೊರಳಿಗೂ ಸೇರಿಸಿ ಮೂರು ಸುತ್ತು ಸುತ್ತಿದಳು. ತೆಂಗಿನಹಾಲಿನ ಬಟ್ಟಲನ್ನು ಹೆನ್ರಿಯ ಮುಂದೆ ಸರಿಸಿದಳು.

"ಹಚ್ಚು ಪುತಾ. ಅವಳಿಗೆ ಹಚ್ಚು."

"ಮಾಂಯ್, ಇದು ಗೊಂಬೆ..."

"ಹಚ್ಚು."

ಹೆನ್ರಿ ಫ್ಲೋರಿನ್‌ಳನ್ನು ನೋಡಿದ. ಬೇಡ ಎನ್ನಿ ಎಂದು ಅವಳ ಕಣ್ಣು ಕೇಳಿತು. ಅವನ ಹೆಬ್ಬೆರಳು, ಹನ್ನೊಂದು ಹೊಲಿಗೆಯ ಹೆಬ್ಬೆರಳು, ಹಾಲಿನಲ್ಲಿ ಅದ್ದಿ ಎದ್ದಿತು. ಎಲುಬಿನ ಮದುಮಗಳ ಹಣೆಯ ಮೇಲೆ ಇಳಿಯಿತು.

ಆಗ ಸೆವ್ರಿನ್ ಬಾಯಿ ಹಾಡಿದಳು. ಅಂಥ ಸ್ವರವನ್ನು ಫ್ಲೋರಿನ್ ಅಜ್ಜಿಯ ಬಾಯಲ್ಲೂ ಕೇಳಿರಲಿಲ್ಲ.

*ಬಿಳಿಯ ತೆಂಗಿನಹಾಲು, ಬೆಳ್ಳಿಯ ಬಟ್ಟಲು,*
*ಎಮಿಲ್ಡಾ ಬಾಯೆಯ ಹಣೆಗೆ ಮೊದಲು.*
*ಹೆನ್ರಿ ಪುತನ ಕೈ ಅವಳ ಕೈಯೊಳಗೆ,*
*ಬಿಡಿಸುವರು ಯಾರಿಲ್ಲ ಈ ಮನೆಯೊಳಗೆ.*

ತಿರುಗಿ ಹೇಳುವವರು ಬೇಕು. ಕೋಣೆಯಲ್ಲಿ ಇದ್ದದ್ದು ಮೂವರು. ಮುದುಕಿ ಹಾಡು ನಿಲ್ಲಿಸಿ, ತುಟಿ ಮುಚ್ಚಿ, ಕಾದಳು.

ಮೌನದೊಳಗೆ ಒಂದು ಗಂಡುಸ್ವರ ಎದ್ದಿತು. ಮೊದಲು ಪಿಸುಮಾತಿನಷ್ಟು. ಆಮೇಲೆ ಗಟ್ಟಿಯಾಗಿ, ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ನಡುಗಬೇಕೋ ಅಲ್ಲಿ ನಡುಗಿ. *ಬಿಡಿಸುವರು ಯಾರಿಲ್ಲ ಈ ಮನೆಯೊಳಗೆ.*

ಹೆನ್ರಿ ಕಣ್ಣು ಮುಚ್ಚಿದ್ದ. ಅವನ ಮುಖದಲ್ಲಿ ಅವಳಿಗೆ ಗೊತ್ತಿಲ್ಲದ ಒಂದು ಮುಖ ಬಂದು ಕೂತಿತ್ತು. ಎರಡು ವರ್ಷ ಅವನ ಮಾತು, ನಗು, ಕೆಮ್ಮು ಎಲ್ಲ ಕೇಳಿದ್ದ ಫ್ಲೋರಿನ್ ಆ ಸ್ವರವನ್ನು ಅಂದೇ ಮೊದಲು ಕೇಳಿದ್ದು.

"ಈಗ ಊಟ ಮಾಡುವ," ಎಂದಳು ಸೆವ್ರಿನ್ ಬಾಯಿ. ಫ್ಲೋರಿನ್‌ಳ ತಟ್ಟೆಗೆ ಮೀನಿನ ದೊಡ್ಡ ತುಂಡನ್ನೇ ಹಾಕಿದಳು. "ತಿನ್ನು ಬಾಯೆ. ತುಂಬ ಸಪೂರ ಆಗಿದ್ದಿ."

ಅವಳು ತಿಂದಳು. ಮುಳ್ಳುಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು.

ಹಿಂದಿರುಗುವಾಗ ಎಂಬತ್ತು ಕಿಲೋಮೀಟರೂ ಹೆನ್ರಿಯ ಎರಡೂ ಕೈ ಸ್ಟಿಯರಿಂಗಿನ ಮೇಲೇ ಇದ್ದವು. ಸೂರ್ಯ ಬೆನ್ನ ಹಿಂದೆ ಇಳಿಯುತ್ತಿದ್ದ. ನರ್ಸ್ ಹಾಸ್ಟೆಲಿನ ಗೇಟಿನ ಮುಂದೆ ಕಾರು ನಿಂತಾಗ ಹೆನ್ರಿ ಸ್ಟಿಯರಿಂಗಿಗೆ ಹೇಳಿದ, "ಮುದುಕಿ ಅಲ್ವಾ, ಫ್ಲೋರಿ. ಅವರ ಮನಸ್ಸಿಗೆ ನೋವಾಗೋದು ಬೇಡ ಅಂತ. ಎರಡು ತಿಂಗಳು ತಡಿ. ಅವರು ಊರಿಗೆ ಹೋಗ್ಲಿ."

"ಹೋದ ಮೇಲೆ?"

"ಹೋದ ಮೇಲೆ ನೋಡುವ. ಅದು ಬರೀ ಪದ. ಮಾಂಯ್ ಹಾಡಿದ್ರು, ಅವರ ಸ್ವರದ ಜೊತೆ ನನ್ನದೂ ಬಂತು, ಅಷ್ಟೇ."

ಫ್ಲೋರಿನ್ ಅವನ ಕಡೆ ತಿರುಗಿದಳು. ತನ್ನೊಳಗೆ ಸಿಟ್ಟು ಹುಡುಕಿದಳು, ಸಿಗಲಿಲ್ಲ.

"ಮಾಂಯ್ ಬಾಯಿ ಮುಚ್ಚಿ ಕೂತಿದ್ರು, ಹೆನ್ರಿ. ಆ ಸಾಲು ನೀವೊಬ್ರೇ ಹಾಡಿದ್ದು."

ಅವನು ತಲೆಯೆತ್ತಿ ಅವಳನ್ನು ನೋಡಿದ. ಎಡಗಣ್ಣು ಮೊದಲು ತುಂಬಿತು, ಆಮೇಲೆ ಬಲಗಣ್ಣು. ಆ ಗುಟ್ಟು ಇನ್ನು ತನಗೆ ಯಾಕೆ ಎಂದುಕೊಂಡಳು.

"ಒಂದೂ ತಪ್ಪಲಿಲ್ಲ ನೀವು," ಎಂದಳು. "ನಿಮ್ಮಿಬ್ಬರ ರೋಸ್ ಆಗಿ ಐದೂವರೆ ವರ್ಷ ಆದ್ರೂ. ಅಷ್ಟು ಚೆಂದ ಹಾಡ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಸೀಟಿನ ಮೇಲಿದ್ದ ಅವನ ಕೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು, ಮೊದಲ ದಿನ ಬ್ಯಾಂಡೇಜು ಬಿಚ್ಚುವಾಗ ಎತ್ತಿಕೊಂಡ ಹಾಗೆ. ಊಟಕ್ಕೆ ಮೊದಲೂ ಆಮೇಲೂ ತೊಳೆದ ಕೈಯೇ. ಆದರೂ ಹೆಬ್ಬೆರಳಿನ ಗಾಯದ ಗೀರುಗಳಲ್ಲಿ ತೆಂಗಿನಹಾಲು ಬೆಳ್ಳಗೆ ಕೂತಿತ್ತು.

ಫ್ಲೋರಿನ್ ತಲೆ ಬಗ್ಗಿಸಿ ಆ ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡಳು. ಒಂದು ಸಾಲಿನ ಪದ ಹೇಳಿ ಮುಗಿಸುವಷ್ಟು ಹೊತ್ತು.

ಕೋಣೆಗೆ ಹೋಗಿ ಕನ್ನಡಿಯ ಮುಂದೆ ನಿಂತು ನೋಡಿದಳು. ಅವನ ಬೆರಳಿನ ಹಾಲು ಆಗಲೇ ಒಣಗಿತ್ತು. ಹಣೆಗೆ ಏನೂ ಹತ್ತಿರಲಿಲ್ಲ.